ಹಂಪಕ್ಕನ ನಾಯಿಗೆ ಮೂರು ಹಿಡಿ ಮಣ್ಣು

ಆ ನಾಯಿಗೆ ಮೆಂಬರ್ ಎಂಬ ಹೆಸರಿಟ್ಟವರು ಊರಿನವರು. ಹಂಪಕ್ಕ ಮೊದಮೊದಲು ಅದನ್ನು ಕೂಸೇ ಎಂದಷ್ಟೇ ಕರೆಯುತ್ತಿದ್ದಳು. ಹೊಸಪೇಟೆ ಮಾರ್ಕೆಟ್ಟಿಗೆ ಬಾಳೆ ಎಲೆಯ ಪೆಂಡಿ ಹಾಕಿ ಬರುವಾಗ ಟಂಟಂ ಗಾಡಿಯ ಹಿಂದೆ ಓಡಿಬಂದ ಮರಿ ಅದು. ಕಂದು ಮೈ, ಎದೆಯ ಮೇಲೆ ಅಂಗೈ ಅಗಲದ ಬಿಳಿ ಮಚ್ಚೆ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ಬಂದ ಕೆಲವೇ ತಿಂಗಳಲ್ಲಿ ಅದು ಊರಿನ ಎಲ್ಲ ಮನೆಗಳ ಹೊಸ್ತಿಲು ತುಳಿದಿತ್ತು. ಬೆಳಿಗ್ಗೆ ಒಂದು ಓಣಿ, ಮಧ್ಯಾಹ್ನ ಇನ್ನೊಂದು. ಎಲ್ಲರ ಮನೆಯಲ್ಲಿ ಉಂಡು, ಎಲ್ಲರಿಗೂ ಬಾಲ ಅಲ್ಲಾಡಿಸಿ, ಹೊರಗೆ ಬಂದ ಮೇಲೆ ಯಾರ ನೆನಪೂ ಇಲ್ಲದಂತೆ ಮಲಗಿಬಿಡುತ್ತಿತ್ತು. ಪಂಚಾಯ್ತಿ ಚುನಾವಣೆ ಆಗಷ್ಟೇ ಮುಗಿದಿತ್ತು. ಕಟ್ಟೆಯ ಮೇಲೆ ಕುಳಿತ ಯಾರೋ ಒಬ್ಬರು, ಇದು ನಮ್ಮ ವಾರ್ಡಿನ ಮೆಂಬರ್ ನೋಡ್ರಪಾ ಎಂದರು. ಹೆಸರು ಅಂಟಿಕೊಂಡಿತು.

ಗೆದ್ದು ಬಂದಿದ್ದ ನಿಜವಾದ ಮೆಂಬರ್ ಉಜ್ಜಿನಪ್ಪ ಇದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಹಂಪಕ್ಕನ ಮನೆಗೇ ಬಂದು ನಾಯಿಯ ಹೆಸರು ಬದಲಿಸಬೇಕೆಂದು ಹೇಳಿದ.

"ಹೆಸರು ನಾ ಇಟ್ಟಿಲ್ಲಪ್ಪ," ಎಂದಳು ಹಂಪಕ್ಕ, ಎಲೆ ಮಡಚುತ್ತಿದ್ದ ಕೈ ನಿಲ್ಲಿಸದೆ. "ಅದಕ್ಕೂ ಬೇಜಾರ ಆಗೈತಿ. ಇಂಥ ಹೆಸರು ಬಂತಲ್ಲ ಅಂತ ನಿನ್ನೆಯಿಂದ ರೊಟ್ಟಿ ಮೂಸಿಲ್ಲ."

ಹಂಪಕ್ಕ ಕಂಪ್ಲಿ ಹತ್ತಿರದ ಮೆಟ್ರಿಯ ಹೆಣ್ಣು. ಅವಳನ್ನು ಕೊಟ್ಟದ್ದು ಹೊಸಪೇಟೆಯಿಂದ ಸಂಡೂರಿನ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಕಾಲುವೆಯ ದಂಡೆಗಿರುವ ಊರಿಗೆ. ಗಂಡ ಜಂಬಪ್ಪನಿಗೆ ಕಾಲುವೆ ನೀರು ಕಂಡ ಸ್ವಲ್ಪ ಜಮೀನು, ಅದರ ತುಂಬ ಸುಗಂಧಿ ಬಾಳೆ. ಗೊನೆಯನ್ನು ವ್ಯಾಪಾರಿಗಳು ತೋಟಕ್ಕೇ ಬಂದು ಒಯ್ಯುತ್ತಿದ್ದರು. ಎಲೆಯ ವ್ಯವಹಾರ ಹಂಪಕ್ಕನದು. ಕೊಯ್ಯುವುದು, ಪೆಂಡಿ ಕಟ್ಟುವುದು, ಹೊಸಪೇಟೆಯ ಖಾನಾವಳಿಗಳಿಗೆ ಹಾಕಿ ಬರುವುದು, ಎಲ್ಲವನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಐವತ್ತು ದಾಟಿದ್ದಳು. ಗಟ್ಟಿ ಮೈ, ಅದಕ್ಕಿಂತ ಗಟ್ಟಿ ಬಾಯಿ ಎಂದು ಊರು ಹೇಳುತ್ತಿತ್ತು.

ಮೆಂಬರ್ ಬಂದ ಮೇಲೆ ತೋಟದ ಕೆಲಸಕ್ಕೊಂದು ಜೊತೆಯಾಯಿತು. ಅವಳು ಎಲೆ ಕೊಯ್ಯುತ್ತ ಸಾಲಿನಿಂದ ಸಾಲಿಗೆ ಹೋದರೆ ನಾಯಿ ಬದುವಿನ ಮೇಲೆ ಅದೇ ಲೆಕ್ಕದಲ್ಲಿ ಹೆಜ್ಜೆ ಹಾಕುತ್ತಿತ್ತು. ಗೊನೆಗೆ ಕೈ ಹಾಕುವ ಕೋತಿಗಳನ್ನು ಕಾಲುವೆ ದಾಟಿಸುವ ತನಕ ಬಿಡುತ್ತಿರಲಿಲ್ಲ. ನೀರೆಂದರೆ ಅದಕ್ಕೆ ಪ್ರಾಣಭಯ. ಆದರೂ ಒಂದು ದಿನ ಕಾಲು ತೊಳೆಯುವಾಗ ಹಂಪಕ್ಕನ ಚಪ್ಪಲಿ ನೀರಿನಲ್ಲಿ ತೇಲಿ ಹೋದದ್ದನ್ನು ನೋಡಿ ಕಾಲುವೆಗೆ ಧುಮುಕಿ, ಅರ್ಧ ಮುಳುಗಿ ಅರ್ಧ ಈಜಿ, ಬೇರೆ ಯಾರದೋ ಹಳೆಯ ಚಪ್ಪಲಿಯನ್ನು ಕಚ್ಚಿಕೊಂಡು ಮೇಲೆ ಬಂದಿತ್ತು. ಊರಲ್ಲಿ ಯಾರು ಸತ್ತರೂ ಹೆಣದ ಹಿಂದೆ ಸುಡುಗಾಡಿನ ತನಕ ಹೋಗುತ್ತಿತ್ತು. ಗ್ರಾಮಸಭೆ ಸೇರಿದರೆ ಮೇಜಿನ ಕೆಳಗೆ ಮಲಗುತ್ತಿತ್ತು. ಉಜ್ಜಿನಪ್ಪನಿಗಿಂತ ಅದರ ಹಾಜರಿಯೇ ಹೆಚ್ಚು ಎಂದು ಜನ ನಗುತ್ತಿದ್ದರು.

ಮನುಷ್ಯರ ಎದುರು ನಾಲ್ಕು ಮಾತು ಆಡದ ಜಂಬಪ್ಪ ನಾಯಿಯ ಎದುರು ಮಾತುಗಾರನಾಗಿದ್ದ. ಉಂಡು ಅಂಗಳದಲ್ಲಿ ಕುಳಿತರೆ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಯಾವ ಸಾಲಿಗೆ ಗೊಬ್ಬರ ಕಮ್ಮಿಯಾಗಿದೆ, ಎಲ್ಲವನ್ನೂ ಹೇಳುತ್ತಿದ್ದ. ಒಳಗಿನಿಂದ ಹಂಪಕ್ಕ ಕೇಳಿಸಿಕೊಳ್ಳುತ್ತಿದ್ದಳು. "ಲಗ್ನ ಆಗಿ ಇಷ್ಟು ವರ್ಷ ಆತು, ಇಷ್ಟು ಮಾತು ನನ್ನ ಕೂಡ ಆಡೀರೇನು?" ಎಂದು ಒಮ್ಮೆ ಕೇಳಿದಳು. ಜಂಬಪ್ಪ ನಾಯಿಯ ಮಡಚಿದ ಕಿವಿ ನೇವರಿಸುತ್ತ, ಅದು ನಡುವೆ ಬಾಯಿ ಹಾಕುವುದಿಲ್ಲ ಎಂದ.

ಆ ಮನೆಯಲ್ಲಿ ನಾಯಿ ಎಂದರೆ ಅಂಗಳ ಕಾಯುವ ಪ್ರಾಣಿಯಷ್ಟೇ ಅಲ್ಲ. ಜಂಬಪ್ಪನ ಮನೆತನ ಮೈಲಾರಲಿಂಗನ ಒಕ್ಕಲು. ಅವನ ಅಜ್ಜ ಕಂಬಳಿಯ ನಿಲುವಂಗಿ ತೊಟ್ಟು, ಸೊಂಟಕ್ಕೆ ಅರಿಸಿನ ಭಂಡಾರದ ಚೀಲ ಕಟ್ಟಿ ಊರೂರು ತಿರುಗಿದ ಗೊರವ. ಗೊರವರು ತಮ್ಮನ್ನು ಮೈಲಾರನ ನಾಯಿಗಳೆಂದೇ ಕರೆದುಕೊಳ್ಳುತ್ತಾರೆ. ದೇವರ ಮುಂದೆ ಬೊಗಳುತ್ತಾರೆ, ದೋಣಿ ಎಂಬ ಮರದ ಬಟ್ಟಲಿಗೆ ಹಾಲು ಅನ್ನ ಹಾಕಿಸಿಕೊಂಡು ಬಾಯಿ ಹಚ್ಚಿ ಉಣ್ಣುತ್ತಾರೆ. ಹೀಗಾಗಿ ಆ ಮನೆಯಲ್ಲಿ ಭಾನುವಾರದ ಮೊದಲ ತುತ್ತು ನಾಯಿಗೆ. ಸತ್ತರೆ ಹಣೆಗೆ ಭಂಡಾರ ಹಚ್ಚಿ ತಮ್ಮ ಹೊಲದಲ್ಲೇ ಹೂಳುತ್ತಾರೆ. ಹೂಳುವುದಕ್ಕೂ ಮನೆತನದ್ದೇ ಒಂದು ಕಟ್ಟಳೆ ಇತ್ತು. ವಯಸ್ಸಾಗಿ ಸತ್ತರೆ ಮನೆಯ ಯಜಮಾನ ಗುಣಿಗೆ ಇಳಿಸುತ್ತಾನೆ. ಯಾರ ದೆಸೆಯಿಂದಲಾದರೂ ಸತ್ತರೆ ಆ ಮನುಷ್ಯನೇ ಬಂದು ಎತ್ತಬೇಕು, ಅವನೇ ಇಳಿಸಬೇಕು, ಮೂರು ಹಿಡಿ ಮಣ್ಣು ಹಾಕಿ "ನನ್ನಿಂದ ಆತು" ಎನ್ನಬೇಕು. ಹೊತ್ತು ಮುಳುಗುವುದರೊಳಗೆ ಇಷ್ಟಾದರೆ ಮುಗಿಯಿತು. ದಂಡವಿಲ್ಲ, ಜಗಳವಿಲ್ಲ. ಆಮೇಲೆ ಯಾರೂ ಆ ಮಾತು ಎತ್ತುವಂತಿಲ್ಲ.

ಹಂಪಕ್ಕ ಸೊಸೆಯಾಗಿ ಬಂದ ಹೊಸದರಲ್ಲಿ ಇದನ್ನು ಕಣ್ಣಾರೆ ನೋಡಿದ್ದಳು. ಮಲಪನಗುಡಿಯ ಪಾಲಪ್ಪ ಎಂಬವನ ಕಬ್ಬಿನ ಗಾಡಿಯ ಚಕ್ರ ಮನೆಯ ನಾಯಿಯ ಮೇಲೆ ಹರಿಯಿತು. ಪಾಲಪ್ಪ ಗಾಡಿ ನಿಲ್ಲಿಸಿ, ರುಮಾಲು ಬಿಚ್ಚಿ, ಆ ರುಮಾಲಿನಲ್ಲೇ ನಾಯಿಯನ್ನು ಸುತ್ತಿ ಎತ್ತಿಕೊಂಡ. ಗುಣಿಯ ಬಳಿ ಮೊಣಕಾಲೂರಿ ಮಣ್ಣು ಹಾಕಿ ಹೇಳಬೇಕಾದ್ದನ್ನು ಹೇಳಿದ. ಮೀಸೆಯ ಗಂಡಸೊಬ್ಬ ಒಂದು ನಾಯಿಯ ಮುಂದೆ ತಲೆ ತಗ್ಗಿಸಿದ್ದನ್ನು ಅವಳು ಅದೇ ಮೊದಲು ಕಂಡದ್ದು. ಅಂದು ಅವನಿಗೆ ಆ ಮನೆಯಲ್ಲೇ ಊಟವಾಯಿತು. ಬದುಕಿರುವ ತನಕ ಪಾಲಪ್ಪ ಸಂಕ್ರಾಂತಿಗೆ ಕಬ್ಬಿನ ಹೊರೆ ಕಳಿಸುವುದನ್ನು ತಪ್ಪಿಸಲಿಲ್ಲ.

ಕಟ್ಟಳೆ ಹುಟ್ಟಿದ್ದು ಗಾಡಿಗಳ ಕಾಲದಲ್ಲಿ. ಗಾಡಿ ಹೊಡೆಯುವವನೇ ಗಾಡಿಯ ಒಡೆಯನಾಗಿದ್ದ. ಅವನಿಗೊಂದು ಮುಖವಿತ್ತು, ಊರಿತ್ತು, ಕೂಗಿದರೆ ತಿರುಗಿ ನೋಡುತ್ತಿದ್ದ. ಅದಿರಿನ ಲಾರಿಗಳು ಬಂದ ಮೇಲೆ ಇದಾವುದೂ ಉಳಿಯಲಿಲ್ಲ. ಮೆಂಬರ್‌ಗಿಂತ ಮೊದಲು ಮನೆಯಲ್ಲಿದ್ದ ಚಂದ್ರಿ ಎಂಬ ಹೆಣ್ಣುನಾಯಿಯನ್ನು ಸಂಡೂರಿನ ಕಡೆಯಿಂದ ಬಂದ ಟಿಪ್ಪರ್ ಒಂದು ಸೇತುವೆಯ ತನಕ ಎಳೆದುಕೊಂಡು ಹೋಗಿತ್ತು. ಹಿಂದೆ ಬಂದ ಲಾರಿಗಳೂ ನಿಲ್ಲಲಿಲ್ಲ, ಅದರ ಹಿಂದಿನವೂ ನಿಲ್ಲಲಿಲ್ಲ. ಸಂಜೆ ಜಂಬಪ್ಪನೇ ಮಣ್ಣು ಹಾಕಿದ. ಮಾಡದ ತಪ್ಪನ್ನು ಯಜಮಾನ ಒಪ್ಪಿಕೊಂಡಂತಾಯಿತಲ್ಲ ಎಂದು ಹಂಪಕ್ಕನಿಗೆ ಎಷ್ಟೋ ದಿನ ಊಟ ರುಚಿಸಲಿಲ್ಲ.

ಮೆಂಬರ್ ಮನೆಗೆ ಬಂದ ಮೇಲೆ ಅವಳ ತೋಟದ ಹಿಂದಿನ ಬೀಳು ಜಮೀನು ಅದಿರಿನ ಪ್ಲಾಟ್ ಆಯಿತು. ಸಂಡೂರಿನ ಗುಡ್ಡದಿಂದ ಇಳಿದ ಅದಿರನ್ನು ಅಲ್ಲಿ ರಾಶಿ ಹಾಕಿ, ಜರಡಿ ಹಿಡಿದು, ರೈಲಿಗೆ ತುಂಬುವ ಸೈಡಿಂಗಿಗೆ ಕಳಿಸುತ್ತಿದ್ದರು. ಪ್ಲಾಟಿನ ಒಡೆಯ ಮರುಳಸಿದ್ದಪ್ಪ, ಕಂಪ್ಲಿಯ ಅಕ್ಕಿ ಗಿರಣಿಯ ಸಾಹುಕಾರ. ಹಂಪಕ್ಕನ ತವರಿನವರು ತಲೆಮಾರಿನಿಂದ ಅವನ ಗಿರಣಿಗೆ ಭತ್ತ ಹಾಕಿದವರು. ಡಾಂಬರು ರಸ್ತೆಗೆ ಹೋಗಲು ಅವನಿಗೆ ಹಂಪಕ್ಕನ ಜಮೀನಿನ ಅಂಚಿನ ಬಂಡಿದಾರಿ ಬೇಕಿತ್ತು. ಅವನೇ ಮನೆಗೆ ಬಂದ. ನೀನು ನಮ್ಮ ಮೆಟ್ರಿಯ ಮಗಳು ಎಂದ, ಮಜ್ಜಿಗೆ ಕುಡಿದ, ಬಾಡಿಗೆ ಎಷ್ಟಾದರೂ ಕೇಳು ಎಂದ. ಹಂಪಕ್ಕ ಬಾಡಿಗೆ ಕೇಳಲಿಲ್ಲ. ಜಂಬಪ್ಪನ ತಂಗಿಯ ಮಗ ಹುಸೇನಪ್ಪ ಹೆಂಡತಿ ಮಕ್ಕಳೊಂದಿಗೆ ಕೆಲಸವಿಲ್ಲದೆ ಕುಳಿತಿದ್ದ. ಅವನಿಗೊಂದು ಕೆಲಸ ಕೊಡಿ ಎಂದಳು. ಮರುಳಸಿದ್ದಪ್ಪ ಮರುದಿನವೇ ಅವನನ್ನು ಪ್ಲಾಟಿನ ವಾಚ್‌ಮನ್ ಮಾಡಿಕೊಂಡ. ಮಾತಿನ ಮೇಲೆ ಕೊಟ್ಟ ದಾರಿ, ಮಾತಿನ ಮೇಲೆ ಸಿಕ್ಕ ಕೆಲಸ.

ಅಂದಿನಿಂದ ಬಾಳೆ ಎಲೆಯ ಬಣ್ಣ ಬದಲಾಯಿತು. ಬೆಳಿಗ್ಗೆ ಕೊಯ್ದ ಎಲೆಯ ಮೇಲೆ ಬೆರಳಾಡಿಸಿದರೆ ಕೆಂಪು ಧೂಳಿನಲ್ಲಿ ಗೆರೆ ಮೂಡುತ್ತಿತ್ತು. ಖಾನಾವಳಿಯ ಹಾಲೇಶ್ ಪೆಂಡಿ ಬಿಚ್ಚಿ ನೋಡಿ, "ಅಕ್ಕ, ಅನ್ನ ಹಾಕೋಕ ಮೊದಲೇ ಎಲಿ ಮ್ಯಾಲ ಸಾರು ಬಿದ್ದಂಗ ಐತಲ್ಲ," ಎಂದ. ಹಂಪಕ್ಕ ಒಂದೊಂದೇ ಎಲೆಯನ್ನು ಕಾಲುವೆಯಲ್ಲಿ ತೊಳೆದು ಒರೆಸಿ ಕಟ್ಟತೊಡಗಿದಳು. ಅದನ್ನು ಸಹಿಸಿಕೊಂಡಳು. ಕೊಟ್ಟ ಮಾತು ಕೊಟ್ಟಾಗಿತ್ತು.

ಮೆಂಬರ್‌ಗೆ ಪ್ಲಾಟ್ ಎಂಬುದು ಊರಿನ ಇನ್ನೊಂದು ಓಣಿ. ಹುಸೇನಪ್ಪ ಮನೆಯವನೇ ಆದ್ದರಿಂದ ಅವನ ಶೆಡ್ಡು ಅದರ ದಿನದ ಸುತ್ತಿನಲ್ಲಿ ಸೇರಿತು. ಚಾಲಕರ ರೊಟ್ಟಿಯಲ್ಲಿ ಪಾಲು ಪಡೆಯಿತು. ಒಬ್ಬರನ್ನೂ ಕಚ್ಚಲಿಲ್ಲ.

2007ರ ಚಳಿಗಾಲದಲ್ಲಿ ಒಂದು ದಿನ ಅದಿರು ಕೊಳ್ಳುವ ಹೊರದೇಶದ ಕಂಪನಿಯಿಂದ ಇಬ್ಬರು ಪ್ಲಾಟು ನೋಡಲು ಬಂದರು. ಅವರಿಗಾಗಿ ಒಳ್ಳೆಯ ಅದಿರನ್ನು ಆರಿಸಿ, ನೀರು ಚಿಮುಕಿಸಿ, ಚಪ್ಪರದ ಕೆಳಗೆ ಬೇರೆಯೇ ರಾಶಿ ಮಾಡಿದ್ದರು. ಮರುಳಸಿದ್ದಪ್ಪ ಕೋಟು ತೊಟ್ಟು ನಿಂತಿದ್ದ. ಪ್ಲಾಟಿನ ಮ್ಯಾನೇಜರ್ ರಾಶಿಯತ್ತ ಕೈ ಚಾಚಿ ವಿವರಿಸುತ್ತಿದ್ದಾಗ ಮೆಂಬರ್ ಎಲ್ಲರ ನಡುವಿನಿಂದ ಹಾದು ಬಂದು, ರಾಶಿಯನ್ನು ಒಂದು ಸುತ್ತು ಮೂಸಿ, ಕಾಲೆತ್ತಿತು. ಬಂದ ಅತಿಥಿಗಳು ನಕ್ಕರು. ಚಾಲಕರು ನಕ್ಕರು. ಮರುಳಸಿದ್ದಪ್ಪ ನಗಲಿಲ್ಲ. ಅತಿಥಿಗಳನ್ನು ಕಳಿಸಿ ಬಂದು ಮ್ಯಾನೇಜರನಿಗೆ ಒಂದೇ ಮಾತು ಹೇಳಿದ: ಈ ನಾಯಿ ಇನ್ನೊಮ್ಮೆ ನನ್ನ ಕಣ್ಣಿಗೆ ಬೀಳಬಾರದು.

ಆಮೇಲೆ ಕೆಲವೇ ದಿನ. ಹಂಪಕ್ಕ ತೋಟದಲ್ಲಿ ಪೆಂಡಿ ಕಟ್ಟುತ್ತಿದ್ದಳು. ಪ್ಲಾಟಿನ ಕಡೆಯಿಂದ ಮೆಂಬರ್ ಬರುವುದು ಕಂಡಿತು. ನಡಿಗೆ ಅದರದ್ದಾಗಿರಲಿಲ್ಲ. ಹಿಂಗಾಲು ಎಳೆಯುತ್ತ, ಬದು ಹತ್ತಲಾರದೆ ಜಾರಿ, ಮತ್ತೆ ಹತ್ತಿ ಬಂದು ಅವಳ ಪಾದದ ಮೇಲೆ ಅಡ್ಡಲಾಗಿ ಬಿದ್ದಿತು. ಬಾಯಲ್ಲಿ ನೊರೆ, ಮೈತುಂಬ ನಡುಕ. ಅವಳು ಕೊಡದ ನೀರನ್ನು ಅದರ ಬಾಯಿಗೆ ಬಿಟ್ಟಳು. ಹುಣಸೆ ನೀರು ತರುವಂತೆ ಗಂಡನಿಗೆ ಕೂಗಿದಳು. ಜಂಬಪ್ಪ ಓಡಿ ಬರುವಷ್ಟರಲ್ಲಿ ನಡುಕ ನಿಂತಿತ್ತು. ಅವಳ ಕಾಲು ಇನ್ನೂ ಅದರ ಕೆಳಗೇ ಇತ್ತು. ಬಹಳ ಹೊತ್ತು ಎಳೆದುಕೊಳ್ಳಲಿಲ್ಲ.

ಜಂಬಪ್ಪ ಸಲಿಕೆ ಹುಡುಕಲು ಹೊರಟ. ಹಂಪಕ್ಕ ತಡೆದಳು. "ಕೈ ಹಚ್ಚಬ್ಯಾಡ್ರಿ. ಹೋದ ಸಲ ನೀವು ಹಾಕಿದಿರಿ. ಈ ಸಲ ಮಾಡಿದವ್ರು ಹಾಕಲಿ."

ಹುಸೇನಪ್ಪ ಶೆಡ್ಡಿನ ಹಿಂದೆ ಕುಕ್ಕರುಗಾಲಲ್ಲಿ ಕುಳಿತಿದ್ದ. ಅವನ ಮುಂದೆ ಎಗ್‌ರೈಸ್ ಕಟ್ಟಿಕೊಂಡು ಬಂದ ಪೇಪರ್ ಬಿದ್ದಿತ್ತು. ಅತ್ತೆ ಬಂದದ್ದು ಕಂಡರೂ ಏಳಲಿಲ್ಲ.

"ಅದರಾಗ ಏನು ಕಲಸಿದಿ?"

"ಬಾಳಿ ಬುಡಕ್ಕ ಹಾಕೋ ಔಷಧಿ, ಅತ್ತಿ." ತಲೆ ಎತ್ತದೆ ಹೇಳಿದ. "ಇದು ಇನ್ನ ಸಾಹುಕಾರ್ರ ಕಣ್ಣಿಗೆ ಬೀಳಬಾರದಂತ. ನಾಯಿ ಇರಬೇಕು, ಇಲ್ಲಾ ನೀ ಇರಬೇಕು ಅಂದ್ರು ಮ್ಯಾನೇಜರ್. ಏನಾರ ಮಾಡು ಅಂದ್ರು. ನಾ ಹಾಕಿದ್ರ ತಿನ್ನಲಿಕ್ಕಿಲ್ಲ ಅಂದ್ಕೊಂಡಿದ್ದೆ. ಬಾಲ ಅಲ್ಲಾಡಿಸಿಕೋತ ತಿಂತು."

ಹಂಪಕ್ಕನಿಗೆ ಹೊಡೆಯಬೇಕೆನಿಸಿತು. ಕೈ ಎತ್ತಿದವಳು ಇಳಿಸಿದಳು. ಈ ಕೆಲಸ ಕೇಳಿ ಕೊಡಿಸಿದವಳು ತಾನೇ. ನಾನೇ ಎತ್ತುತ್ತೇನೆ, ಮೂರು ಹಿಡಿಯನ್ನೂ ನಾನೇ ಹಾಕುತ್ತೇನೆ ಎಂದು ಹುಸೇನಪ್ಪ ಅಳುತ್ತ ಹೇಳಿದ. ಅವನು ಹಾಕಿಬಿಟ್ಟರೆ ಕಟ್ಟಳೆ ಮುಗಿಯುತ್ತಿತ್ತು. ಹಳೆಯ ಲೆಕ್ಕದಲ್ಲಿ ಕೈ ಯಾರದೋ ತಪ್ಪು ಅವರದು. ಆದರೆ ಈ ಕೈಯ ಹಿಂದೆ ಇನ್ನೊಂದು ಬಾಯಿ, ಆ ಬಾಯಿಯ ಹಿಂದೆ ಮತ್ತೊಂದು ಬಾಯಿ ಇತ್ತು. ಎಲ್ಲರಿಗಿಂತ ಕೆಳಗಿದ್ದವನ ತಲೆಯ ಮೇಲೆ ಮಣ್ಣು ಹಾಕಿ ಉಳಿದವರು ಕೈ ತೊಳೆದುಕೊಳ್ಳುವುದನ್ನು ಅವಳು ಒಪ್ಪಲಿಲ್ಲ.

"ನೀ ಎತ್ತು. ಒಂದು ಹಿಡಿ ನೀ ಹಾಕು," ಎಂದಳು. "ಉಳಿದ ಎರಡು ನಿಂದಲ್ಲ."

ಒಂದು ಹಿಡಿ ಮ್ಯಾನೇಜರನದು, ಒಂದು ಸಾಹುಕಾರನದು. ಹಂಪಕ್ಕ ನಾಯಿಯನ್ನು ಎಲೆ ಸಾಗಿಸುವ ತಳ್ಳುಗಾಡಿಯಲ್ಲಿ ಮಲಗಿಸಿ, ಹಣೆಗೆ ಭಂಡಾರ ಹಚ್ಚಿ, ಗಾಡಿಯನ್ನು ಬಂಡಿದಾರಿಯ ನಡುವೆ ತಂದು ನಿಲ್ಲಿಸಿದಳು. ತುಂಬಿದ ಲಾರಿ ಒಂದು ಬಂದು ನಿಂತಿತು. ಅದರ ಹಿಂದೆ ಮತ್ತೊಂದು. ಮಧ್ಯಾಹ್ನದ ಹೊತ್ತಿಗೆ ಸಾಲು ಪ್ಲಾಟಿನ ಗೇಟು ದಾಟಿತ್ತು. ಚಾಲಕರು ಮೊದಲು ಹಾರ್ನ್ ಹೊಡೆದರು. ಆಮೇಲೆ ಇಳಿದು ಬಂದು ನೋಡಿದರು, ಸುದ್ದಿ ಕೇಳಿದರು, ಲಾರಿಯ ನೆರಳಿನಲ್ಲಿ ಬೀಡಿ ಹಚ್ಚಿ ಕುಳಿತರು. ಅವರ ರೊಟ್ಟಿ ತಿಂದ ನಾಯಿ ಅದು.

ಮ್ಯಾನೇಜರ್ ಅನಂತಪುರದ ಕಡೆಯ ಹುಡುಗ, ಹೊಸದಾಗಿ ಮದುವೆಯಾದವನು. ಸೈಡಿಂಗಿನಲ್ಲಿ ರೈಲು ಕಾಯುತ್ತಿದೆ ಎಂದು ಬೇಡಿಕೊಂಡ. ತಾನು ಏನಾದರೂ ಮಾಡು ಎಂದದ್ದು ನಿಜ, ವಿಷ ಹಾಕು ಎಂದಿಲ್ಲ ಎಂದ. ಹಂಪಕ್ಕ ಕೇಳಿದಳು: ನಾಯಿಗೆ ಹಾರ ಹಾಕು ಎಂಬ ಅರ್ಥದಲ್ಲಿ ಹೇಳಿದ್ದೆಯೋ? ಅವನು ಬೆವರು ಒರೆಸಿಕೊಂಡು ಸಾಹುಕಾರನಿಗೆ ಫೋನ್ ಹಚ್ಚಲು ಅತ್ತ ಹೋದ.

ಮರುಳಸಿದ್ದಪ್ಪ ಮಧ್ಯಾಹ್ನ ದಾಟಿದ ಮೇಲೆ ಬಿಳಿ ಕಾರಿನಲ್ಲಿ ಬಂದ. ಹಣೆಯ ಮೇಲೆ ವಿಭೂತಿ, ಹೆಗಲ ಮೇಲೆ ಹೊಸ ಶಲ್ಯ. ಹೊಸಪೇಟೆಯಲ್ಲಿ ಅವನ ಹೊಸ ಲಾರಿಗಳಿಗೆ ಪೂಜೆ ನಡೆಯುತ್ತಿತ್ತು, ಅರ್ಧಕ್ಕೆ ಬಿಟ್ಟು ಬಂದಿದ್ದ. ಸಿಟ್ಟು ತೋರಿಸಲಿಲ್ಲ. ಅವನು ಸಿಟ್ಟು ತೋರಿಸುವ ಮನುಷ್ಯನೂ ಅಲ್ಲ.

"ಏನ್ ತಂಗಿ, ಒಂದು ಮಾತು ನನಗ ಹೇಳಿ ಕಳಿಸಿದ್ರ ಆಗ್ತಿದ್ದಿಲ್ಲೇನು? ನಾಯಿ ಸತ್ತಿದ್ದು ನನಗೂ ಸಂಕಟ ಐತಿ. ಬೆಂಗಳೂರಿಂದ ಜಾತಿ ನಾಯಿಮರಿ ತರಸಿಕೊಡ್ತೀನಿ. ಬೆಳ್ಳಗ, ಬೊಂಬಿ ಇದ್ದಂಗ ಇರ್ತೈತಿ."

"ಬ್ಯಾಡ್ರಿ. ಒಂದು ಹಿಡಿ ಮಣ್ಣು ಹಾಕಿ, ನನ್ನಿಂದ ಆತು ಅನ್ರಿ. ಗಾಡಿ ನಾನ ಸರಸ್ತೀನಿ."

"ನಾ ಕೊಲ್ಲು ಅಂದಿಲ್ಲವ್ವ."

"ಅಂದಿಲ್ರಿ. ಕಣ್ಣಿಗೆ ಬೀಳಬಾರದು ಅಂದ್ರಿ. ಈಗ ಬಿದ್ದೈತಿ, ನೋಡ್ರಿ."

ಅವನು ತಳ್ಳುಗಾಡಿಯ ಕಡೆ ನೋಡಲಿಲ್ಲ. ಪೂಜೆ ಅರ್ಧಕ್ಕೆ ನಿಂತಿದೆ, ಹೀಗಿರುವಾಗ ಸತ್ತದ್ದನ್ನು ಮುಟ್ಟಬಾರದು ಎಂದ.

"ನಾಯಿ ಮುಟ್ಟಬ್ಯಾಡ್ರಿ. ಮಣ್ಣು ಮುಟ್ರಿ," ಎಂದಳು ಹಂಪಕ್ಕ. "ದಿನಾ ಬೆಳಗಾದ್ರ ಮಣ್ಣು ಮಾರತೀರಿ. ಮಣ್ಣಿಗ್ಯಾವ ಮೈಲಿಗಿ?"

ಲಾರಿಯ ನೆರಳಿನಲ್ಲಿ ಯಾರೋ ನಕ್ಕದ್ದು ಕೇಳಿಸಿತು. ಮರುಳಸಿದ್ದಪ್ಪನ ಮುಖ ಆಗ ಬಿಗಿಯಿತು. ನಗುವಿನ ಕಡೆಗೊಮ್ಮೆ ನೋಡಿ, ಪ್ಲಾಟಿನ ಜೆಸಿಬಿ ಓಡಿಸುವವನನ್ನು ಕರೆದ. "ಅಕ್ಕ ಎಲ್ಲಿ ಹೇಳ್ತಾಳೋ ಅಲ್ಲಿ ದೊಡ್ಡದೊಂದು ಗುಣಿ ತೋಡಿಕೊಡು. ಎಲ್ಲಾ ಮುಗಿಸಿ ಲಾರಿ ಬಿಡಿಸು," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕಾರು ಹತ್ತಿದ. ಮ್ಯಾನೇಜರನನ್ನೂ ಸೈಡಿಂಗಿಗೆಂದು ಜೊತೆಗೆ ಕರೆದುಕೊಂಡು ಹೋದ. ನಾಯಿಯೊಂದನ್ನು ಹೂಳಲು ಯಂತ್ರ ಕೊಡುವುದು ತನ್ನ ದೊಡ್ಡತನ ಎಂದೇ ಅವನು ತಿಳಿದಿರಬೇಕು.

ಹಳದಿ ಯಂತ್ರ ತೋಟದ ಬದುವಿನ ಬಳಿ ಬಂದು ಗುರುಗುಟ್ಟುತ್ತ ನಿಂತಿತು. ಎಲ್ಲಿ ತೋಡಲಿ ಎಂದು ಓಡಿಸುವವನು ಕೇಳಿದ. ಹಂಪಕ್ಕ ತಾನು ನಿಂತ ಜಾಗ ಬಿಟ್ಟು ಪಕ್ಕಕ್ಕೆ ಸರಿದು, ಅದೇ ಜಾಗ ತೋರಿಸಿದಳು. ಬಂಡಿದಾರಿಯ ನಟ್ಟನಡುವೆ.

"ಇದು ಲಾರಿ ದಾರಿ ಅಲ್ಲೇನಕ್ಕ?"

"ದಾರಿ ಅವ್ರದು. ನೆಲ ನಂದು. ಸಾಹುಕಾರ್ರು ನಿನಗ ಏನಂದ್ರು?"

"ಅಕ್ಕ ಹೇಳಿದಲ್ಲಿ ತೋಡು ಅಂದ್ರು."

"ಮತ್ತ?"

ಅವನು ಸಾಹುಕಾರನಿಗೆ ಫೋನ್ ಮಾಡಿದ. ಎತ್ತಲಿಲ್ಲ. ಮ್ಯಾನೇಜರನಿಗೆ ಮಾಡಿದ. ಸಿಗಲಿಲ್ಲ. ಹೇಳಿದ್ದನ್ನು ಹೇಳಿದಂತೆ ಮಾಡದಿದ್ದರೆ ಕೆಲಸ ಹೋಗುತ್ತದೆಂಬುದು ಹುಸೇನಪ್ಪನಿಗೆ ಬಂದ ಮಾತಿನಿಂದ ಪ್ಲಾಟಿನವರಿಗೆಲ್ಲ ಗೊತ್ತಾಗಿತ್ತು. ಅವನು ಬಕೆಟ್ ಇಳಿಸಿದ. ನಾಯಿಗೆ ಸಲಿಕೆಯ ಗುಣಿ ಸಾಕು. ಜೆಸಿಬಿ ತೋಡಿದ್ದು ಎತ್ತಿನ ಜೋಡಿಯನ್ನೇ ಇಳಿಸಬಹುದಾದ ಗುಂಡಿ, ದಾರಿಯ ಈ ಅಂಚಿನಿಂದ ಆ ಅಂಚಿಗೆ.

ಹುಸೇನಪ್ಪ ಮೆಂಬರ್‌ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಗುಂಡಿಗೆ ಇಳಿದ. ಮಲಗಿಸಿ, ಒಂದು ಹಿಡಿ ಮಣ್ಣು ಹಾಕಿ, "ನನ್ನಿಂದ ಆತು" ಎಂದ. ಬಳಿಕ ಮೇಲಕ್ಕೆ ಮುಖ ಎತ್ತಿ, ಯಾರೂ ಕೇಳದಿದ್ದರೂ, ಮ್ಯಾನೇಜರ್ ಹೇಳಿದ್ದನ್ನೂ ಮ್ಯಾನೇಜರನಿಗೆ ಸಾಹುಕಾರ ಹೇಳಿದ್ದನ್ನೂ ಸುತ್ತ ನಿಂತ ಚಾಲಕರೆಲ್ಲರ ಮುಂದೆ ಹೇಳಿದ. ಹೊತ್ತು ಬಾಗುತ್ತಿತ್ತು. ಜಂಬಪ್ಪ ತಡೆಯಲಾರದೆ ಮಣ್ಣಿಗೆ ಬಾಗಿದಾಗ ಹಂಪಕ್ಕ ಅವನ ಮುಂಗೈ ಹಿಡಿದುಕೊಂಡಳು. ಆ ಎರಡು ಹಿಡಿಯ ಜಾಗ ಹಾಗೇ ಇರಲಿ ಎಂದಳು. ಉಳಿದ ಮಣ್ಣನ್ನು ಹುಸೇನಪ್ಪನೂ ನಾಲ್ಕಾರು ಚಾಲಕರೂ ಸೇರಿ ಎಳೆದು ಮುಚ್ಚಿದರು. ದಾರಿಯ ನಡುವೆ ಸೊಂಟದೆತ್ತರದ ದಿಬ್ಬ ಎದ್ದಿತು. ಹಂಪಕ್ಕ ಅದರ ಮೇಲೆ ಚೀಲದಲ್ಲಿದ್ದಷ್ಟೂ ಭಂಡಾರ ಎರಚಿದಳು. ಕೆಂಪು ಧೂಳಿನ ನಡುವೆ ಅದೊಂದೇ ಹಳದಿ.

ಲಾರಿಗಳು ಹಿಂದಕ್ಕೆ ಸರಿದು ಪ್ಲಾಟಿನೊಳಗೆ ಹೋದವು. ಮರುದಿನ ದಿಬ್ಬ ಸಮ ಮಾಡಲು ಅಪ್ಪಣೆ ಬಂತು. ಜೆಸಿಬಿಯವನು ಯಂತ್ರದಿಂದ ಇಳಿದು, ಬೇಕಾದರೆ ಬೀಗದ ಕೈ ತೆಗೆದುಕೊಳ್ಳಿ, ಭಂಡಾರದ ಮೇಲೆ ಬಕೆಟ್ ಇಡುವುದಿಲ್ಲ ಎಂದುಬಿಟ್ಟ. ಬೇರೆ ಯಾರೂ ಮುಂದೆ ಬರಲಿಲ್ಲ. ಅದೇ ದಿನ ಹುಸೇನಪ್ಪನ ಕೆಲಸ ಹೋಯಿತು.

ಅವನಿಗೆ ಹಂಪಕ್ಕ ತೋಟದಲ್ಲೇ ಕೆಲಸ ಕೊಟ್ಟಳು. ಮಣ್ಣು ಹಾಕಿದವನ ಎದುರು ಆ ಮಾತು ಎತ್ತುವಂತಿಲ್ಲ ಎಂಬ ಕಟ್ಟಳೆಯನ್ನು ಅವಳು ಪಾಲಿಸಿದಳು, ಎತ್ತದಿರುವುದು ಸುಲಭವಾಗಿರಲಿಲ್ಲ. ಮಧ್ಯಾಹ್ನ ಅವನ ಎದುರು ರೊಟ್ಟಿ ಬಡಿಸುವಾಗ ಅವಳ ದೃಷ್ಟಿ ಅವನ ಕೈಗೆ ಹೋಗುತ್ತಿತ್ತು. ಆಗ ಎದ್ದು ಒಳಗೆ ಹೋಗುತ್ತಿದ್ದಳು. ಜಂಬಪ್ಪ ಸಂಜೆ ಅಂಗಳದಲ್ಲಿ ಸುಮ್ಮನೆ ಕೂರುತ್ತಿದ್ದ. ಇನ್ನೊಂದು ಮರಿ ತರೋಣವೇ ಎಂದು ಅವಳು ಕೇಳಿದಾಗ ಬೇಡವೆಂದು ತಲೆಯಾಡಿಸಿದ.

ಮರುಳಸಿದ್ದಪ್ಪ ಉಜ್ಜಿನಪ್ಪನ ಹೊಲದ ಮೇಲೆ ಬೇರೆ ದಾರಿ ಮಾಡಿಸಿದ. ಕರಿಮಣ್ಣಿನ ಹೊಲ. ಮುಂಗಾರು ಬಿದ್ದದ್ದೇ ತಡ ತುಂಬಿದ ಲಾರಿಗಳು ಅಚ್ಚಿನವರೆಗೆ ಹೂತು ನಿಂತವು. ಆಗ ಹಂಪಕ್ಕನ ಬಳಿಗೆ ಜನ ಬರತೊಡಗಿದರು. ಉಜ್ಜಿನಪ್ಪ ಬಂದ, ತವರಿನ ಹಿರಿಯರು ಬಂದರು. ಎಲ್ಲರಿಗೂ ಅವಳದು ಒಂದೇ ಉತ್ತರ: ಎರಡು ಹಿಡಿ ಮಣ್ಣು, ಎರಡು ಮಾತು, ಆಮೇಲೆ ದಾರಿ ನಿಮ್ಮದು.

ಒಂದು ಬೆಳಿಗ್ಗೆ ಮ್ಯಾನೇಜರ್ ಬಂದ, ಒಬ್ಬನೇ, ಕೈಯಲ್ಲಿ ಪ್ರಯಾಣದ ಚೀಲ. ಕೆಲಸ ಬಿಟ್ಟು ಊರಿಗೆ ಹೊರಟಿದ್ದ. ದಿಬ್ಬದ ಬಳಿ ಚೀಲ ಇಳಿಸಿ, ಬೂಟು ಬಿಚ್ಚಿ, ಹಸಿ ಮಣ್ಣು ಹಿಡಿ ತುಂಬ ತೆಗೆದು ಇಟ್ಟ. ಹೇಳಬೇಕಾದ ಮಾತನ್ನು ಮೊದಲು ತೆಲುಗಿನಲ್ಲಿ ಹೇಳಿ, ಸಾಲದೇನೋ ಎಂದು ಮತ್ತೆ ಕನ್ನಡದಲ್ಲಿ ಹೇಳಿದ. ಹಂಪಕ್ಕ ಅವನನ್ನು ಕರೆದು ಉಪ್ಪಿಟ್ಟು ತಿನ್ನಿಸಿ ಬಸ್ಸಿಗೆ ಕಳಿಸಿದಳು.

ಉಳಿದದ್ದು ಒಂದೇ ಹಿಡಿ. ಅದಕ್ಕೆ ಮರುಳಸಿದ್ದಪ್ಪ ಬರಲಿಲ್ಲ. ಕಾಲುವೆಯ ಆಚೆಯಿಂದ ಊರನ್ನೇ ಬಳಸಿ ಹೋಗುವ ದೂರದ ದಾರಿ ಮಾಡಿಸಿದ. ತಗ್ಗು ತುಂಬಲು, ಏರಿ ಕಟ್ಟಲು ಗರಸು ಮಣ್ಣನ್ನು ಟಿಪ್ಪರ್‌ಗಟ್ಟಲೆ ತಂದು ಸುರಿಸಿದ. ಒಂದು ಗುಡ್ಡವನ್ನೇ ಅರ್ಧ ಕರಗಿಸಿ ಹಡಗು ಹತ್ತಿಸಿದ ಮನುಷ್ಯ ಅವನು. ಒಂದು ಮುಷ್ಟಿ ಮಣ್ಣು ಅವನಿಗೆ ಭಾರವಾಯಿತು. ಆ ಏರಿಯ ಧೂಳು ಈಗ ಊರಿನ ಇನ್ನೊಂದು ಮಗ್ಗುಲಿನ ಹೊಲಗಳ ಮೇಲೆ ಬೀಳತೊಡಗಿತು.

ಮರುವರ್ಷ ಕಂಪ್ಲಿಯಲ್ಲಿ ಒಂದು ಮದುವೆ. ಹಂಪಕ್ಕನ ತವರಿನ ಕಡೆಯದು. ಮರುಳಸಿದ್ದಪ್ಪ ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತಿದ್ದ, ಸುತ್ತ ಊರಿನ ದೊಡ್ಡವರು. ಅಕ್ಷತೆ ಹಂಚುತ್ತ ಬಂದ ಅವಳನ್ನು ಕಂಡು ಅವನೇ ಮಾತಾಡಿಸಿದ, ಎಲ್ಲರಿಗೂ ಕೇಳುವಂತೆ, ನಗುತ್ತ.

"ಏನ್ ತಂಗಿ, ಒಂದು ನಾಯಿ ಸಲುವಾಗಿ ಎಷ್ಟು ದಿನ ಸಿಟ್ಟು ಇಟ್ಕೊಂತಿ?"

ಹಂಪಕ್ಕ ಅವನ ಅಂಗೈಗೂ ನಾಲ್ಕು ಕಾಳು ಅಕ್ಷತೆ ಹಾಕಿದಳು.

"ನಾಯಿ ನಂದಿತ್ರಿ, ಹೋತು. ಸಿಟ್ಟು ನಿಮ್ಮದೈತಿ, ಆ ದಿಬ್ಬದಾಗ ಬಿದ್ದೈತಿ. ಬಂದು ಒಯ್ರಿ."

ಅವನು ಇನ್ನೂ ನಗುತ್ತಲೇ ಅಕ್ಕಪಕ್ಕ ನೋಡಿದ. ಯಾರೂ ಜೊತೆಗೆ ನಗಲಿಲ್ಲ. ಅವಳು ತಟ್ಟೆ ಹಿಡಿದು ಮುಂದಿನವರ ಕಡೆಗೆ ಹೋದಳು.